ನಡುಗಡ್ಡೆಯ ಹಕ್ಕಿ ಗೂಡು ಎಣಿಸೋದು ಹೇಗೆ? ಸೇಂಟ್ ಕಿಲ್ಡಾ, ಪಿಟ್ಟಿ, ನಮ್ಮ ಭದ್ರಾ ಹಿನ್ನೀರು

ಶಂಕರಘಟ್ಟದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಓದುತ್ತಿದ್ದೇನೆ. ಸೆಮಿನಾರ್‌ಗೆ ದೂರದ ದ್ವೀಪಗಳಲ್ಲಿ ಕಡಲ ಹಕ್ಕಿಗಳು ಗೂಡು ಮಾಡುವ ಜಾಗಗಳ ಮೇಲೆ ಹೇಗೆ ನಿಗಾ ಇಡುತ್ತಾರೆ ಅನ್ನೋ ವಿಷಯ ತಗೊಂಡಿದ್ದೇನೆ. ಸ್ಕಾಟ್ಲೆಂಡ್‌ನ ಸೇಂಟ್ ಕಿಲ್ಡಾ, ಲಕ್ಷದ್ವೀಪದ ಪಿಟ್ಟಿ, ಇವೆರಡರ ಬಗ್ಗೆ ಓದುತ್ತಿದ್ದೇನೆ.

ಓದುತ್ತಾ ಓದುತ್ತಾ ತಲೆಗೆ ಬಂದದ್ದು ನಮ್ಮ ಹಿನ್ನೀರು. ಬೇಸಿಗೆಯಲ್ಲಿ ಭದ್ರಾ ಡ್ಯಾಂ ನೀರು ಇಳಿದಾಗ ಎದ್ದು ಬರುವ ನಡುಗಡ್ಡೆಗಳಲ್ಲಿ ನದಿ ರೀವಗಳು, ಅಂದರೆ ರಿವರ್ ಟರ್ನ್ ಹಕ್ಕಿಗಳು, ಸಾವಿರಗಟ್ಟಲೆ ಸೇರಿ ಮೊಟ್ಟೆ ಇಡುತ್ತವೆ ಅಲ್ವಾ? ಕಡಲ ಹಕ್ಕಿಗೆ ಬಳಸುವ ವಿಧಾನ ಇಲ್ಲಿ ನಡೆಯುತ್ತದಾ? ಕ್ಲಾಸ್‌ಮೇಟ್ ಒಬ್ಬ "ಒಂದು ಡ್ರೋನ್ ಹಾರಿಸು, ಫೋಟೋದಲ್ಲಿ ಎಣಿಸು, ಮುಗೀತು" ಅನ್ನುತ್ತಾನೆ. ನನಗೆ ಅಷ್ಟು ಸುಲಭ ಅನ್ನಿಸುತ್ತಿಲ್ಲ. ಗೊತ್ತಿರುವವರು ಹೇಳಿ.

ಹಿನ್ನೀರು ದೋಣಿ:

ಮೇಡಂ, ನಾನು ಲಕ್ಕವಳ್ಳಿ ಕಡೆಯವನು. ಹಿಂದೆ ಬೋಟ್ ಓಡಿಸುತ್ತಿದ್ದೆ. ವಿಧಾನ ಗಿಧಾನ ನನಗೆ ಗೊತ್ತಿಲ್ಲ, ಕಂಡಿದ್ದು ಹೇಳುತ್ತೇನೆ.

ಚಳಿ ಕಳೆಯುತ್ತಿದ್ದಂತೆ ರೀವಗಳು ಬಂದು ಒಣಗಿದ ಮರದ ಬೊಡ್ಡೆಗಳ ಮೇಲೆ ಕೂರುತ್ತವೆ. ಡ್ಯಾಂ ಕಟ್ಟಿದಾಗ ಮುಳುಗಿದ ಕಾಡಿನ ಮರಗಳು, ಇನ್ನೂ ನಿಂತಿವೆ. ನೀರು ಇಳಿದು ದಿಬ್ಬ ಕಂಡಿತು ಅಂದರೆ ಅಲ್ಲಿಗೆ ಇಳಿಯುತ್ತವೆ. ಗೂಡು ಅಂತ ಏನೂ ಕಟ್ಟೋದಿಲ್ಲ. ಜಲ್ಲಿ ಮಣ್ಣಿನಲ್ಲಿ ಎದೆ ಒತ್ತಿ ತಿರುಗಿ ಒಂದು ತಗ್ಗು ಮಾಡುತ್ತವೆ, ಅದರಲ್ಲಿ ಎರಡು ಮೂರು ಮೊಟ್ಟೆ. ಬೂದು ಬಣ್ಣದ ಮೇಲೆ ಕಂದು ಚುಕ್ಕೆ. ಪಕ್ಕದ ಕಲ್ಲು ಯಾವುದು ಮೊಟ್ಟೆ ಯಾವುದು ಗೊತ್ತಾಗೋದಿಲ್ಲ. ಕಾಲಿಟ್ಟ ಮೇಲೇ ಗೊತ್ತಾಗೋದು.

ಮರಿ ಇನ್ನೂ ಕಿಲಾಡಿ. ಅಪ್ಪ ಅಮ್ಮ ಕೂಗಿದ ತಕ್ಷಣ ಕಲ್ಲಿಗೆ ಅಂಟಿ ಮಲಗಿಬಿಡುತ್ತದೆ. ನೀವು ಅದರ ಮೇಲೆ ನಿಂತರೂ ಅಲ್ಲಾಡೋದಿಲ್ಲ. ಹಾಗಾಗಿ ಯಾರಾದರೂ "ದಿಬ್ಬದ ಮೇಲೆ ಇಳಿದು ಎಣಿಸೋಣ" ಅಂದರೆ ನನಗೆ ಸಿಟ್ಟು ಬರುತ್ತದೆ.

ತೀರ್ಥಹಳ್ಳಿ ಮೇಷ್ಟ್ರು:

ದೋಣಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಮುಂದಿನದು ಓದಿ, ತಂಗಿ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಏನನ್ನು ಎಣಿಸುತ್ತಿದ್ದೀರಿ? ಹಾರುವ ಹಕ್ಕಿಯನ್ನಾ, ಕೂತ ಹಕ್ಕಿಯನ್ನಾ, ಗೂಡನ್ನಾ, ಹಾರುವ ಮಟ್ಟಕ್ಕೆ ಬಂದ ಮರಿಯನ್ನಾ? ಇವು ನಾಲ್ಕೂ ಬೇರೆ ಬೇರೆ ಲೆಕ್ಕ. ನಮ್ಮ ಪೇಪರ್‌ಗಳಲ್ಲಿ "ಸಾವಿರಾರು ಹಕ್ಕಿಗಳ ಕಲರವ" ಅಂತ ಬರುತ್ತಲ್ಲ, ಅದರಿಂದ ಮುಂದಿನ ವರ್ಷಕ್ಕೆ ಒಂದು ಪೈಸೆ ಉಪಯೋಗ ಇಲ್ಲ. ಕಡಲ ಹಕ್ಕಿ ಎಣಿಸುವವರು ಸಾಮಾನ್ಯವಾಗಿ ಜೋಡಿ ವಾಸ ಇರುವ ಹಾಗೆ ಕಾಣುವ ಗೂಡುಗಳನ್ನು ಎಣಿಸುತ್ತಾರೆ. ಹಕ್ಕಿ ಹಾರಿ ಹೋದೀತು, ಗೂಡು ಅಲ್ಲೇ ಇರುತ್ತದೆ.

ಈಗ ಸೇಂಟ್ ಕಿಲ್ಡಾ. ಸ್ಕಾಟ್ಲೆಂಡ್‌ನ ಹೊರ ದ್ವೀಪಗಳಿಂದಲೂ ಸುಮಾರು 64 ಕಿಲೋಮೀಟರ್ ಪಶ್ಚಿಮಕ್ಕೆ, ಅಟ್ಲಾಂಟಿಕ್ ನಡುವೆ. ಅಲ್ಲಿನ ಜನ ನೂರಾರು ವರ್ಷ ಹಕ್ಕಿ ಮಾಂಸ, ಮೊಟ್ಟೆ, ಎಣ್ಣೆಯ ಮೇಲೇ ಬದುಕಿದ್ದರು. 1930ರಲ್ಲಿ ಉಳಿದಿದ್ದ 36 ಜನ ಸರ್ಕಾರಕ್ಕೆ ಬರೆದುಕೊಟ್ಟು ದ್ವೀಪ ಬಿಟ್ಟರು. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿ ಒಂದೇ ದ್ವೀಪಸಮೂಹಕ್ಕೆ ಒಂದೇ ವಿಧಾನ ಸಾಲೋದಿಲ್ಲ. ಗ್ಯಾನೆಟ್ ಅನ್ನೋ ದೊಡ್ಡ ಬಿಳಿ ಹಕ್ಕಿ ಕಡಿದಾದ ಬಂಡೆಗಳ ಮೇಲೆ ಗೂಡು ಮಾಡುತ್ತದೆ. ಸುಮಾರು 60 ಸಾವಿರ ಜೋಡಿ. ಸ್ಟಾಕ್ ಆನ್ ಆರ್ಮಿನ್ ಅನ್ನೋ ಬಂಡೆಯೇ 196 ಮೀಟರ್ ಎತ್ತರ, ನೇರ ಸಮುದ್ರದಿಂದ ಎದ್ದದ್ದು. ಅಲ್ಲಿ ಹತ್ತಿ ಯಾರು ಎಣಿಸುತ್ತಾರೆ? ವಿಮಾನದಿಂದ ಫೋಟೋ ತೆಗೆದು ಮೇಜಿನ ಮುಂದೆ ಕೂತು ಎಣಿಸುತ್ತಾರೆ.

ಪಫಿನ್ ಅನ್ನೋ ಕಡಲ ಹಕ್ಕಿ ಬಿಲದಲ್ಲಿರುತ್ತದೆ. ಅದಕ್ಕೆ ಇಳಿಜಾರಿನಲ್ಲಿ ಅಲ್ಲಲ್ಲಿ ಅಳತೆಯ ಜಾಗ ಗುರುತು ಮಾಡಿ, ಅದರೊಳಗಿನ ಬಿಲ ಎಣಿಸಿ, ಒಟ್ಟು ವಿಸ್ತೀರ್ಣಕ್ಕೆ ಗುಣಿಸುತ್ತಾರೆ.

ಮಜಾ ಇರೋದು ಲೀಚ್ಸ್ ಪೆಟ್ರೆಲ್ ಅನ್ನೋ ಕಡಲ ಹಕ್ಕಿ ಎಣಿಸುವುದರಲ್ಲಿ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ರಾತ್ರಿ ಮಾತ್ರ ಬರುತ್ತದೆ, ಹಗಲೆಲ್ಲ ಬಿಲದೊಳಗೆ. ಕಣ್ಣಿಗೆ ಬೀಳೋದೇ ಇಲ್ಲ. ಹಾಗಾಗಿ ಬಿಲದ ಬಾಯಿಗೆ ಸ್ಪೀಕರ್ ಹಿಡಿದು ಅದರದೇ ಕೂಗು ಕೇಳಿಸುತ್ತಾರೆ. ಒಳಗೆ ಹಕ್ಕಿ ಇದ್ದರೆ ತಿರುಗಿ ಕೂಗುತ್ತದೆ. ಆದರೆ ಇದ್ದ ಹಕ್ಕಿ ಎಲ್ಲಾ ಕೂಗೋದಿಲ್ಲ. ಅದಕ್ಕೆ ಒಂದು ಸಣ್ಣ ಜಾಗದಲ್ಲಿ ದಿನಾ ಅದೇ ಬಿಲಗಳಿಗೆ ಹೋಗಿ ಕೂಗಿಸಿ, ಎಷ್ಟರಲ್ಲಿ ಎಷ್ಟು ಉತ್ತರ ಕೊಡುತ್ತವೆ ಅಂತ ತಿಳಿದುಕೊಳ್ಳುತ್ತಾರೆ. ಹತ್ತು ಹಕ್ಕಿಯಲ್ಲಿ ನಾಲ್ಕು ಮಾತ್ರ ಕೂಗುತ್ತವೆ ಅಂತಿಟ್ಟುಕೊಳ್ಳಿ, ಆಗ ಕೇಳಿದ ಉತ್ತರವನ್ನು ಎರಡೂವರೆಯಿಂದ ಗುಣಿಸಬೇಕು. ಈ ತಿದ್ದುಪಡಿ ಇಲ್ಲದೆ ಬರುವ ಸಂಖ್ಯೆ ಸುಮ್ನೆ ಊಹೆ.

ನಿಮ್ಮ ಸೆಮಿನಾರ್‌ನಲ್ಲಿ ಈ ತಿದ್ದುಪಡಿ ಭಾಗಕ್ಕೆ ಜಾಸ್ತಿ ಹೊತ್ತು ಕೊಡಿ. ಸ್ಪೀಕರ್, ಡ್ರೋನ್, ಕ್ಯಾಮೆರಾ ಎಲ್ಲರೂ ತೋರಿಸುತ್ತಾರೆ.

ಹದ್ದಿನ ಕಣ್ಣು:

ಮೇಷ್ಟ್ರೇ, ಎಲ್ಲಾ ಒಪ್ಪಿದೆ. ಆದರೆ ಬಿಲದ ಹಕ್ಕಿಗೂ ನಮ್ಮ ರೀವಕ್ಕೂ ಎಲ್ಲಿಯ ಸಂಬಂಧ? ರೀವ ಬಯಲಿನಲ್ಲಿ ಕೂರುತ್ತದೆ. ಮೇಲಿಂದ ನೋಡಿದರೆ ಎಲ್ಲಾ ಕಾಣುತ್ತದೆ. ಮನುಷ್ಯ ನಡೆದು ಹೋಗೋದಕ್ಕಿಂತ ಡ್ರೋನ್‌ನಿಂದ ತೊಂದರೆ ಕಡಿಮೆ. ನಾನು ಮದುವೆ ಶೂಟಿಂಗ್‌ಗೆ ಡ್ರೋನ್ ಹಾರಿಸುವವನು. ಎತ್ತರದಲ್ಲಿ ಇಟ್ಟರೆ ಸದ್ದು ಗೊತ್ತೇ ಆಗೋದಿಲ್ಲ. ಕಾಲ ಬದಲಾಗಿದೆ, ಇನ್ನೂ ದುರ್ಬೀನು ಹಿಡಿದು ಕೂರೋದು ಯಾಕೆ?

ತೀರ್ಥಹಳ್ಳಿ ಮೇಷ್ಟ್ರು:

ನಡೆದು ಹೋಗೋದಕ್ಕಿಂತ ಕಡಿಮೆ ತೊಂದರೆ ಅನ್ನೋದು ಎಷ್ಟೋ ಕಡೆ ನಿಜ. ಬೇಡ ಅನ್ನೋದಿಲ್ಲ. ಆದರೆ 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾದಲ್ಲಿ ಏನಾಯಿತು ಅಂತ ಓದಿ. ಯಾರೋ ಅನುಮತಿ ಇಲ್ಲದೆ ಹಾರಿಸಿದ ಡ್ರೋನ್ ಎಲಿಗೆಂಟ್ ಟರ್ನ್‌ಗಳು ಗೂಡು ಮಾಡಿದ್ದ ದಿಬ್ಬದ ಮೇಲೆ ಬಿತ್ತು. ಬೇಟೆ ಹಕ್ಕಿ ಬಂತು ಅಂದುಕೊಂಡು ಸಾವಿರಾರು ಟರ್ನ್‌ಗಳು ಎದ್ದು ಹೋದವು. ತಿರುಗಿ ಬರಲೇ ಇಲ್ಲ. 1500ಕ್ಕೂ ಹೆಚ್ಚು ಮೊಟ್ಟೆ ಮರಳಿನ ಮೇಲೆ ಹಾಗೇ ಉಳಿದವು. ಟರ್ನ್ ಜಾತಿಯ ಸ್ವಭಾವವೇ ಅದು. ಗುಂಪಿನಲ್ಲಿ ಧೈರ್ಯ, ಗುಂಪು ಹೆದರಿದರೆ ಎಲ್ಲಾ ಖಾಲಿ.

ಇನ್ನು ಅನುಮತಿ. ಅದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಮದುವೆ ಮಂಟಪ ಅಲ್ಲ ಮಾರಾಯ್ರೆ.

ಹದ್ದಿನ ಕಣ್ಣು:

ಅನುಮತಿ ಇಲ್ಲದೆ ಹಾರಿಸಿ ಅಂತ ನಾನೆಲ್ಲಿ ಹೇಳಿದೆ? ಅರಣ್ಯ ಇಲಾಖೆಯವರೇ ಹಾರಿಸಲಿ. ತಜ್ಞರು ಪಕ್ಕದಲ್ಲಿ ಇರಲಿ. ಡ್ರೋನ್ ಅಂದ ಕೂಡಲೇ ಎಲ್ಲರೂ ಮುಖ ಸಿಂಡರಿಸೋದು ನೋಡಿ ಬೇಜಾರು. ಒಂದು ಸ್ಪಷ್ಟ ಫೋಟೋ ಇದ್ದರೆ ಹತ್ತು ವರ್ಷ ಬಿಟ್ಟೂ ಯಾರು ಬೇಕಾದರೂ ತಿರುಗಿ ಎಣಿಸಬಹುದು. ದುರ್ಬೀನಿನಲ್ಲಿ ನೀವು ಎಣಿಸಿದ್ದು ಸರಿಯಾ ತಪ್ಪಾ ಅಂತ ನೋಡೋಕೆ ಏನಿದೆ ಸಾಕ್ಷಿ?

ತೀರ್ಥಹಳ್ಳಿ ಮೇಷ್ಟ್ರು:

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಫೋಟೋ ಉಳಿಯುತ್ತದೆ ಅನ್ನೋದು ದೊಡ್ಡ ವಿಷಯವೇ. ಗ್ಯಾನೆಟ್ ಎಣಿಕೆಯಲ್ಲೂ ಅದೇ ಲಾಭ.

ಸಾಗರದ ಭಾವ:

ಸ್ಕಾಟ್ಲೆಂಡ್, ಕ್ಯಾಲಿಫೋರ್ನಿಯಾ ಎಲ್ಲಾ ಆಯ್ತು. ಮಂಡಗದ್ದೆ ಯಾರಿಗೂ ನೆನಪಿಲ್ವಾ? ಶಿವಮೊಗ್ಗ ತೀರ್ಥಹಳ್ಳಿ ರಸ್ತೆಯಲ್ಲೇ ಇದೆ. ಬಸ್ ಇಳಿದರೆ ತುಂಗೆಯ ನಡುವೆ ದ್ವೀಪ, ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು. ವಾಚ್ ಟವರ್ ಮೇಲೆ ನಿಂತು ಬೋಂಡಾ ತಿನ್ನುತ್ತಾ ಎಣಿಸಬಹುದು.

ಶಂಕರಘಟ್ಟದ ಹುಡುಗಿ:

ಭಾವ ಅವರೇ, ನೆನಪಿದೆ! ಆದರೆ ಅಲ್ಲಿ ಮರದ ಮೇಲಿನ ಗೂಡು. ಎಲೆ ಮರೆಯಲ್ಲಿ ಅರ್ಧ ಕಾಣೋದಿಲ್ಲ. ಅದೂ ತುಂಗೆ ತುಂಬಿ ಮರದ ಬುಡ ಎಲ್ಲಾ ಮುಳುಗಿರುವಾಗ. ದಡದಿಂದ ಕಾಣುವ ಮುಖದ ಗೂಡು ಮಾತ್ರ ಲೆಕ್ಕಕ್ಕೆ ಸಿಗುತ್ತದೆ ಅಲ್ವಾ?

ಸಾಗರದ ಭಾವ:

ಕಾಣುವ ಮುಖವನ್ನೇ ಪ್ರತಿ ವರ್ಷ ಎಣಿಸಿ. ಒಂದೇ ಟವರ್, ಒಂದೇ ವಾರ, ಒಂದೇ ಮರಗಳು. ಒಟ್ಟು ಎಷ್ಟು ಅಂತ ಗೊತ್ತಾಗದಿದ್ದರೂ ಏರಿತಾ ಇಳಿಯಿತಾ ಗೊತ್ತಾಗುತ್ತದೆ. ನನಗೆ ತಿಳಿದ ಮಟ್ಟಿಗೆ ಸಾಮಾನ್ಯ ಜನಕ್ಕೆ ಬೇಕಾದ್ದು ಅಷ್ಟೇ.

ತೀರ್ಥಹಳ್ಳಿ ಮೇಷ್ಟ್ರು:

ಭಾವ ತಮಾಷೆ ಮಾಡುತ್ತಾ ಸರಿಯಾದ್ದೇ ಹೇಳಿದರು. ಬ್ರಿಟನ್, ಐರ್ಲೆಂಡ್‌ನಲ್ಲೂ ಹಾಗೇ ಎರಡು ಥರ ನಡೆಯುತ್ತದೆ. ಎಲ್ಲಾ ಕಡೆ ಎಣಿಸುವ ದೊಡ್ಡ ಗಣತಿ ಅಪರೂಪಕ್ಕೆ: 1969-70ರಲ್ಲಿ ಒಂದು, 1985-88ರಲ್ಲಿ ಒಂದು, 1998-2002ರಲ್ಲಿ ಒಂದು, ಆಮೇಲೆ 2015-21ರಲ್ಲಿ. ನಡುವಿನ ವರ್ಷಗಳಲ್ಲಿ ಗುರುತು ಮಾಡಿದ ಸಣ್ಣ ಜಾಗಗಳಲ್ಲಿ ಮಾತ್ರ ಎಣಿಕೆ, ಜೊತೆಗೆ ಗೂಡಿಗೆ ಎಷ್ಟು ಮರಿ ಹಾರಿದವು ಅನ್ನೋ ಲೆಕ್ಕ. ಈ ಮರಿ ಲೆಕ್ಕವೇ ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ಕಡಲ ಹಕ್ಕಿಗಳು ದೀರ್ಘಾಯುಷಿಗಳು. ಹಳೇ ಹಕ್ಕಿಗಳು ವರ್ಷ ವರ್ಷ ಬಂದು ಕೂರುತ್ತವೆ, ದ್ವೀಪ ತುಂಬಿದ ಹಾಗೇ ಕಾಣುತ್ತದೆ. ಮರಿ ಒಂದೂ ಉಳಿಯದಿದ್ದರೂ ಹತ್ತು ವರ್ಷ ಯಾರಿಗೂ ಗೊತ್ತಾಗೋದಿಲ್ಲ.

ಪೆಸಿಫಿಕ್‌ನ ಮಿಡ್‌ವೇ ದ್ವೀಪದಲ್ಲಿ ವಿಸ್ಡಮ್ ಅನ್ನೋ ಹೆಸರಿನ ಲೇಸನ್ ಆಲ್ಬಟ್ರಾಸ್ ಇದೆ, ದೊಡ್ಡ ಕಡಲ ಹಕ್ಕಿ. 1956ರಲ್ಲಿ ಅದರ ಕಾಲಿಗೆ ಗುರುತಿನ ಉಂಗುರ ಹಾಕಿದ್ದು. 2024ರ ಕೊನೆಯಲ್ಲೂ ಮೊಟ್ಟೆ ಇಟ್ಟಿತು. ಉಂಗುರ ಹಾಕಿದವರು ಚಾಂಡ್ಲರ್ ರಾಬಿನ್ಸ್. ಅವರು 2017ರಲ್ಲಿ ತೀರಿಕೊಂಡರು, ಹಕ್ಕಿ ಇನ್ನೂ ಬರುತ್ತಿತ್ತು.

ಕೊಪ್ಪದಿಂದ ಕವರತ್ತಿಗೆ:

ಪಿಟ್ಟಿ ಹೆಸರು ನೋಡಿ ಒಳಗೆ ಬಂದೆ. ಕೆಲಸದ ಮೇಲೆ ಕೆಲವು ವರ್ಷ ಕವರತ್ತಿಯಲ್ಲಿದ್ದೆ. ಪಿಟ್ಟಿ ಅಲ್ಲಿಂದ ಸುಮಾರು 24 ಕಿಲೋಮೀಟರ್. ಅಲ್ಲಿಯವರು ಪಕ್ಷಿಪಿಟ್ಟಿ ಅನ್ನುತ್ತಾರೆ. ದ್ವೀಪ ಅಂದರೆ ನೀವು ತೆಂಗಿನ ತೋಟ ಊಹಿಸಿಕೊಳ್ಳಬೇಡಿ. ಹವಳದ ತುಂಡು, ಮರಳು, ಅಷ್ಟೇ. ಒಂದು ಮರ ಇಲ್ಲ. ವಿಸ್ತೀರ್ಣ ಸುಮಾರು ಮೂರು ಎಕರೆ, ನಮ್ಮೂರಲ್ಲಿ ಸಣ್ಣ ಹಿಡುವಳಿದಾರನ ಅಡಿಕೆ ತೋಟ ಅಷ್ಟಿರುತ್ತದೆ. ಅಷ್ಟರಲ್ಲೇ ಸೂಟಿ ಟರ್ನ್, ಗ್ರೇಟರ್ ಕ್ರೆಸ್ಟೆಡ್ ಟರ್ನ್, ಬ್ರೌನ್ ನಾಡಿ ಹಕ್ಕಿಗಳು ಗೂಡು ಮಾಡುತ್ತವೆ.

1875ರಷ್ಟು ಹಿಂದೆಯೇ ಎ. ಒ. ಹ್ಯೂಮ್ ಲಕ್ಷದ್ವೀಪ ಸುತ್ತಿ ಹಕ್ಕಿಗಳ ಬಗ್ಗೆ ಬರೆದಿದ್ದರು. ಹೌದು, ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಅದೇ ಹ್ಯೂಮ್. 2020ರಲ್ಲಿ ಪಿಟ್ಟಿಯ ಸುತ್ತಲಿನ ಸಮುದ್ರವನ್ನೂ ಸೇರಿಸಿ ಕಡಲ ಹಕ್ಕಿಗಳಿಗೆ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು.

ಅಲ್ಲಿ ನಿಗಾ ಇಡುವ ಕಷ್ಟ ವಿಧಾನದ್ದಲ್ಲ, ಇಳಿಯೋದರದ್ದು. ಜೆಟ್ಟಿ ಇಲ್ಲ. ಸುತ್ತ ಬಂಡೆ, ಅಲೆ ಒಡೆಯುತ್ತಿರುತ್ತದೆ. ಮುಂಗಾರು ಶುರುವಾದರೆ ಆ ಕಡೆ ತಲೆ ಹಾಕೋ ಹಾಗಿಲ್ಲ. ಶಾಂತ ಇರುವ ತಿಂಗಳಲ್ಲಿ ಹೋದವರು ಕಂಡದ್ದನ್ನು ಬರೆಯುತ್ತಾರೆ, ಉಳಿದ ತಿಂಗಳು ಏನಾಯಿತು ಅಂತ ಯಾರು ನೋಡಿದ್ದಾರೆ? ಹಾಗಾಗಿ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ ಅಂತ ಬಂದರೆ, ಹಕ್ಕಿ ಕಡಿಮೆ ಆಯಿತಾ, ಹೋದ ದಿನ ಬೇರೆ ಆಯಿತಾ ಅಂತ ಮೊದಲು ನೋಡಬೇಕು.

ಇನ್ನೊಂದು ಗಮನಿಸಿ. ಸೂಟಿ ಟರ್ನ್‌ಗೆ ನೆಲದ ಹಂಗೇ ಇಲ್ಲ. ಗೂಡು ಬಿಟ್ಟು ಹಾರಿದ ಮರಿ ವರ್ಷಗಟ್ಟಲೆ ಸಮುದ್ರದ ಮೇಲೆ ಹಾರುತ್ತಲೇ ಇರುತ್ತದೆ. ಅದು ಇಡೀ ಜೀವನದಲ್ಲಿ ಮನುಷ್ಯನ ಲೆಕ್ಕಕ್ಕೆ ಸಿಗೋದು ಈ ಮೂರು ಎಕರೆಯಲ್ಲಿ ಮೊಟ್ಟೆ ಇಡಲು ಬಂದಾಗ ಮಾತ್ರ.

ಶಂಕರಘಟ್ಟದ ಹುಡುಗಿ:

ಸರ್, ಇದು ನನ್ನ ಸ್ಲೈಡ್‌ನಲ್ಲಿ ಹಾಗೇ ಹಾಕಿಕೊಳ್ಳಲಾ? ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡಲ ತೀರದಲ್ಲಿ ದಣಿದು ಬೀಳುವ ಸೂಟಿ ಟರ್ನ್, ನಾಡಿಗಳು ಆ ಕಡೆಯಿಂದಲೇ ಬಂದಿರುತ್ತವಾ?

ಕೊಪ್ಪದಿಂದ ಕವರತ್ತಿಗೆ:

ಹಾಕಿಕೊಳ್ಳಿ. ಎಲ್ಲಿಂದ ಬಂದಿದ್ದು ಅಂತ ಉಂಗುರ ಇಲ್ಲದೆ ಹೇಳೋಕೆ ಆಗೋದಿಲ್ಲ. ಗಾಳಿಗೆ ಸಿಕ್ಕಿ ಬರುತ್ತವೆ ಅನ್ನೋದಷ್ಟೇ ಖಾತ್ರಿ.

ದನದ ಡಾಕ್ಟರ್:

ಎಣಿಕೆ ಬಗ್ಗೆ ಎಲ್ಲರೂ ಹೇಳಿದ್ದೀರಿ. ದ್ವೀಪಕ್ಕೆ ಯಾರು ಏನು ಹೊತ್ತು ತರುತ್ತಾರೆ ಅನ್ನೋದೂ ನಿಗಾದ ಭಾಗವೇ. ಮುಖ್ಯ ಶತ್ರು ಇಲಿ.

ಹಿಂದೂ ಮಹಾಸಾಗರದಲ್ಲಿ ಚಾಗೋಸ್ ದ್ವೀಪಗಳಿವೆ, ಮಾಲ್ಡೀವ್ಸ್‌ನಿಂದ ಇನ್ನೂ ದಕ್ಷಿಣಕ್ಕೆ. ಹಡಗಿನಲ್ಲಿ ಬಂದ ಇಲಿಗಳು ಕೆಲವು ದ್ವೀಪಗಳಲ್ಲಿ ಸೇರಿಕೊಂಡವು, ಕೆಲವಕ್ಕೆ ಸೇರಲಿಲ್ಲ. 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಇಲಿ ಇಲ್ಲದ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಸಾಂದ್ರತೆ 760 ಪಟ್ಟು ಜಾಸ್ತಿ. ಅಲ್ಲಿಗೇ ನಿಲ್ಲೋದಿಲ್ಲ. ಹಕ್ಕಿಗಳು ದೂರದ ಕಡಲಿನಲ್ಲಿ ಮೀನು ತಿಂದು ಬಂದು ದ್ವೀಪದಲ್ಲಿ ಹಿಕ್ಕೆ ಹಾಕುತ್ತವೆ, ಅದು ಮಳೆಗೆ ತೊಳೆದು ಹವಳದ ದಿಬ್ಬಕ್ಕೆ ಇಳಿಯುತ್ತದೆ. ಇಲಿ ಇಲ್ಲದ ದ್ವೀಪದ ಪಕ್ಕದ ಹವಳದಲ್ಲಿ ಮೀನಿನ ಒಟ್ಟು ತೂಕವೂ ಸುಮಾರು ಅರ್ಧದಷ್ಟು ಜಾಸ್ತಿ ಇತ್ತು. ತೋಟಕ್ಕೆ ಗೊಬ್ಬರ ಹಾಕುವ ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಅಟ್ಲಾಂಟಿಕ್‌ನ ಗಫ್ ದ್ವೀಪದಲ್ಲಿ ಮನೆಯ ಸಣ್ಣ ಇಲಿ, ಅದೇ ಚಿಟ್ಟಿಲಿ, ಆಲ್ಬಟ್ರಾಸ್ ಮರಿಯನ್ನು ಜೀವಂತ ಕಚ್ಚಿ ತಿನ್ನುತ್ತದೆ. ಮರಿ ಕೋಳಿಗಿಂತ ಎಷ್ಟೋ ದೊಡ್ಡದು, ಆದರೂ ಕೂತಲ್ಲೇ ತಿನ್ನಿಸಿಕೊಳ್ಳುತ್ತದೆ. ಹಿಂದೆ ಅಂಥ ಪ್ರಾಣಿಯನ್ನೇ ಕಂಡಿಲ್ಲದ ಕುಲ, ಏನು ಮಾಡಬೇಕು ಅಂತ ಅದಕ್ಕೆ ತಿಳಿಯೋದಿಲ್ಲ. ರಾತ್ರಿ ಕ್ಯಾಮೆರಾ ಇಟ್ಟ ಮೇಲೆ ಕಣ್ಣಾರೆ ಕಂಡದ್ದು. 2021ರಲ್ಲಿ ಹೆಲಿಕಾಪ್ಟರ್‌ನಿಂದ ವಿಷದ ಕಾಳು ಹಾಕಿದರು. ಅದೇ ವರ್ಷದ ಕೊನೆಗೆ ಒಂದು ಇಲಿ ಮತ್ತೆ ಕಾಣಿಸಿತು. ಅಷ್ಟು ಖರ್ಚು, ಅಷ್ಟು ಶ್ರಮ ನೀರು ಪಾಲು. ದಕ್ಷಿಣ ಅಟ್ಲಾಂಟಿಕ್‌ನ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಮಾತ್ರ ಗೆದ್ದರು, 2018ರಲ್ಲಿ ಇಲಿ ಮುಕ್ತ ಅಂತ ಘೋಷಿಸಿದರು.

ಅದಕ್ಕೇ ಇಂಥ ದ್ವೀಪಗಳಿಗೆ ಹೋಗುವವರ ಬ್ಯಾಗು, ಬೂಟು, ಊಟದ ಡಬ್ಬ ಎಲ್ಲಾ ಜಾಲಾಡಿ ಬಿಡುತ್ತಾರೆ. ಎಣಿಸಲು ಹೋದವನ ಚೀಲದಲ್ಲೇ ಒಂದು ಬಸುರಿ ಇಲಿ ಇದ್ದರೆ ಏನು ಗತಿ?

ಸುಮ್ನೆ ಬಿಡಿ:

ಎಲ್ಲಾ ಓದಿದೆ. ನನಗೆ ಅರ್ಥ ಆಗದ್ದು ಒಂದೇ. ಎಣಿಸೋದು ಯಾಕೆ? ನಡೆದರೆ ತೊಂದರೆ, ಡ್ರೋನ್ ಹಾರಿಸಿದರೆ ತೊಂದರೆ, ಇಳಿದರೆ ಇಲಿ. ಬೋಟ್ ಎಲ್ಲಾ ನಿಲ್ಲಿಸಿ, ಯಾರೂ ಹೋಗಬೇಡಿ. ಹಕ್ಕಿ ಪಾಡಿಗೆ ಹಕ್ಕಿ ಇರಲಿ. ಪೇಪರ್ ಬರೆಯೋಕೆ, ಫೋಟೋ ಹಾಕೋಕೆ ನಿಮಗೆ ಬೇಕು, ಹಕ್ಕಿಗೆ ಬೇಕಾಗಿಲ್ಲ.

ತೀರ್ಥಹಳ್ಳಿ ಮೇಷ್ಟ್ರು:

ನ್ಯಾಯವಾದ ಪ್ರಶ್ನೆ, ಉತ್ತರ ಕೊಡುತ್ತೇನೆ. ಮೇಲೆ ಹೇಳಿದೆನಲ್ಲ, ಬಿಲದ ಪೆಟ್ರೆಲ್. ಸೇಂಟ್ ಕಿಲ್ಡಾದಲ್ಲಿ ಕಾಯಂ ವಾಸದ ಜನ ಇಲ್ಲ, ಯುನೆಸ್ಕೋ ರಕ್ಷಣೆ ಇದೆ, ಹಡಗಿನಲ್ಲಿ ಬರುವ ದೊಡ್ಡ ಇಲಿ ಕೂಡ ಇಲ್ಲ. ನೀವು ಹೇಳಿದ "ಸುಮ್ನೆ ಬಿಡಿ" ಹೆಚ್ಚುಕಡಿಮೆ ಅಲ್ಲಿ ಪಾಲನೆಯಲ್ಲಿತ್ತು. ಬೇಸಿಗೆಯಲ್ಲಿ ಹೋದ ಯಾರಿಗಾದರೂ ಆಕಾಶದ ತುಂಬಾ ಹಕ್ಕಿ ಕಾಣುತ್ತದೆ. ಆದರೆ 2000ದ ಸುಮಾರಿಗೆ ಮಾಡಿದ ಎಣಿಕೆಗೆ ಹೋಲಿಸಿದರೆ 2019ರ ಹೊತ್ತಿಗೆ ಲೀಚ್ಸ್ ಪೆಟ್ರೆಲ್ ಮೂರರಲ್ಲಿ ಎರಡು ಪಾಲು ಕಡಿಮೆ ಆಗಿತ್ತು. ಬಿಲಕ್ಕೆ ಸ್ಪೀಕರ್ ಹಿಡಿಯದೇ ಇದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ರಾತ್ರಿ ಬಂದು ರಾತ್ರಿ ಹೋಗುವ ಹಕ್ಕಿ.

ಅಲ್ಲಿ ದೊಡ್ಡ ಸ್ಕೂವಾ ಅನ್ನೋ ಹಕ್ಕಿ ಈ ಪೆಟ್ರೆಲ್‌ಗಳನ್ನು ಹಿಡಿದು ತಿನ್ನುತ್ತದೆ. ಸರಿ, ಸ್ಕೂವಾ ಜಾಸ್ತಿ ಆಯಿತು ಅಂತ ಕೆಲವರು ಲೆಕ್ಕ ಹಾಕುತ್ತಿದ್ದ ಹೊತ್ತಿಗೆ ಹಕ್ಕಿ ಜ್ವರ ಬಂತು. 2021, 2022ರಲ್ಲಿ ಸ್ಕಾಟ್ಲೆಂಡ್‌ನ ಸ್ಕೂವಾಗಳು ರಾಶಿ ರಾಶಿ ಸತ್ತವು. ಮುಕ್ಕಾಲು ಪಾಲು ಹೋಯಿತು. ಹಿಂದಿನ ಎಣಿಕೆ ಕೈಯಲ್ಲಿ ಇದ್ದಿದ್ದಕ್ಕೇ "ಮುಕ್ಕಾಲು" ಅಂತ ಹೇಳೋಕೆ ಆಯಿತು.

ದನದ ಡಾಕ್ಟರ್:

ಹಕ್ಕಿ ಜ್ವರದ ವರ್ಷ ಹಲವು ದ್ವೀಪಗಳಲ್ಲಿ ಎಣಿಕೆ, ಉಂಗುರ ಹಾಕುವ ಕೆಲಸ ಎಲ್ಲಾ ನಿಲ್ಲಿಸಿದರು. ಅದೂ ಹೇಳಬೇಕು. ಹೋಗಬಾರದ ಹೊತ್ತಿಗೆ ಹೋಗದೇ ಇರೋದನ್ನು "ಸುಮ್ನೆ ಬಿಡಿ" ಅವರ ಪರವಾಗಿ ನಾನು ಒಪ್ಪುತ್ತೇನೆ. ಬದುಕಿ ಉಳಿದ ಕೆಲವು ಗ್ಯಾನೆಟ್‌ಗಳ ಕಣ್ಣು ತಿಳಿ ನೀಲಿಯಿಂದ ಕಪ್ಪಿಗೆ ತಿರುಗಿತ್ತು. ದಿನಾ ಹತ್ತಿರದಿಂದ ನೋಡುವವರು ಇದ್ದಿದ್ದಕ್ಕೆ ಅದು ಕಣ್ಣಿಗೆ ಬಿತ್ತು.

ಸುಮ್ನೆ ಬಿಡಿ:

ಪೆಟ್ರೆಲ್ ವಿಷಯ ಗೊತ್ತಿರಲಿಲ್ಲ. ಆದರೂ ನಮ್ಮ ಹಿನ್ನೀರಿನಲ್ಲಿ ದಿಬ್ಬದ ಹತ್ತಿರ ಬೋಟ್ ನಿಲ್ಲಿಸಿ ಅರ್ಧ ಗಂಟೆ ಫೋಟೋ ತೆಗೆಯುವವರನ್ನು ಯಾವ ವಿಜ್ಞಾನವೂ ಸಮರ್ಥಿಸೋದಿಲ್ಲ.

ಹಿನ್ನೀರು ದೋಣಿ:

ಅದು ಸತ್ಯ. ಏಪ್ರಿಲ್ ಮಧ್ಯಾಹ್ನ ಆ ಜಲ್ಲಿ ಮೇಲೆ ಬರಿಗಾಲು ಇಡೋಕಾಗೋದಿಲ್ಲ. ತಾಯಿ ಹಕ್ಕಿ ಹೋಗಿ ನೀರಿಗೆ ಹೊಟ್ಟೆ ಅದ್ದಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ, ತಂಪು ಮಾಡೋಕೆ. ಮತ್ತೆ ಹೋಗುತ್ತದೆ, ಮತ್ತೆ ಅದ್ದಿಕೊಂಡು ಬರುತ್ತದೆ. ಬೋಟ್ ನಿಂತಿದ್ದರೆ ಅದು ಇಳಿಯೋದಿಲ್ಲ, ತಲೆ ಮೇಲೆ ಕಿರುಚುತ್ತಾ ಸುತ್ತುತ್ತದೆ. ಅಷ್ಟು ಹೊತ್ತಿಗೆ ಮೊಟ್ಟೆ ಬೆಂದು ಹೋಗುತ್ತದೆ. ಕಾಗೆ, ಹದ್ದು ಬೇರೆ ಕಾಯುತ್ತಿರುತ್ತವೆ.

ಅಚ್ಚುಕಟ್ಟಿನ ರೈತ:

ಭದ್ರಾ ನಾಲೆ ನಂಬಿ ಭತ್ತ ಬೆಳೆಯುವವನು ನಾನು. ಈ ಚರ್ಚೆ ಕೊನೆಗೆ "ಹಕ್ಕಿಗಾಗಿ ಡ್ಯಾಂ ನೀರು ಹಿಡಿದಿಡಿ" ಅಂತ ಬರುತ್ತದಾ? ಮೊದಲೇ ಹೇಳಿಬಿಡಿ.

ಶಂಕರಘಟ್ಟದ ಹುಡುಗಿ:

ಇಲ್ಲ ಅಣ್ಣ, ಹಾಗೇನಿಲ್ಲ. ನೀವು ಬೇಸಿಗೆ ಬೆಳೆಗೆ ನೀರು ಬಿಡಿಸಿಕೊಳ್ಳುವುದರಿಂದಲೇ ದಿಬ್ಬ ಮೇಲೆ ಬರೋದು! ನೀರು ಇಳಿಯದಿದ್ದರೆ ರೀವಕ್ಕೆ ಜಾಗವೇ ಇಲ್ಲ.

ಅಚ್ಚುಕಟ್ಟಿನ ರೈತ:

ಹಾಗಾದರೆ ಹಕ್ಕಿಯವರೂ ನಮ್ಮ ಕಡೆ. ಸಂತೋಷ. ಒಂದು ವಿಷಯ ಹೇಳುತ್ತೇನೆ ಕೇಳಿ. ನಾವು ದಿನಾ ಬೆಳಿಗ್ಗೆ ನೋಡೋದು ಡ್ಯಾಂ ಎಷ್ಟು ಅಡಿ ಇದೆ ಅಂತ. ತುಂಬಿದರೆ 186. ಮಳೆ ಕೈಕೊಟ್ಟ ವರ್ಷ ಬೇಸಿಗೆಗೆ ಮೊದಲೇ ತಳ ಕಾಣುತ್ತದೆ, ಒಳ್ಳೇ ವರ್ಷ ಮೇನಲ್ಲೂ ನೀರು ಮೇಲೇ ಇರುತ್ತದೆ. ನೀವು ಒಂದು ವರ್ಷ ನೀರು ಕಡಿಮೆ ಇದ್ದಾಗ ಹೋಗಿ ಎಣಿಸಿ, ಇನ್ನೊಂದು ವರ್ಷ ಜಾಸ್ತಿ ಇದ್ದಾಗ ಹೋಗಿ ಎಣಿಸಿ, "ಹಕ್ಕಿ ಅರ್ಧ ಆಯಿತು" ಅಂದರೆ ಅದು ಲೆಕ್ಕವಾ? ದಿಬ್ಬವೇ ಅರ್ಧ ಮುಳುಗಿರುತ್ತದೆ.

ತೀರ್ಥಹಳ್ಳಿ ಮೇಷ್ಟ್ರು:

ಈ ಇಡೀ ಚರ್ಚೆಯಲ್ಲಿ ಬಂದ ಅತ್ಯಂತ ಉಪಯೋಗದ ಮಾತು ಇದು. ಸೇಂಟ್ ಕಿಲ್ಡಾದ ಬಂಡೆ ಎಲ್ಲೂ ಹೋಗೋದಿಲ್ಲ, ಪ್ರತಿ ವರ್ಷ ಅದೇ ಬಂಡೆ. ನಮ್ಮಲ್ಲಿ ದ್ವೀಪವೇ ಹುಟ್ಟಿ ಮುಳುಗುತ್ತದೆ. ಕಡಲ ಹಕ್ಕಿಯವರ ವಿಧಾನವನ್ನು ಹಾಗೇ ಎತ್ತಿಕೊಂಡು ಬಂದರೆ ಎಡವೋದು ಇಲ್ಲೇ. ಪ್ರತಿ ಎಣಿಕೆಯ ಪಕ್ಕದಲ್ಲಿ ಆ ದಿನದ ಡ್ಯಾಂ ಮಟ್ಟ ಬರೆಯಲೇಬೇಕು. ಖರ್ಚಿಲ್ಲ, ಮಟ್ಟ ದಿನಾ ಪೇಪರ್‌ನಲ್ಲೇ ಬರುತ್ತದೆ.

ಹಿನ್ನೀರು ದೋಣಿ:

ಇನ್ನೊಂದು ಸೇರಿಸಿ. ನೀರು ತೀರಾ ಇಳಿದರೆ ಕೆಲವು ದಿಬ್ಬ ದಡಕ್ಕೆ ಕೂಡಿಕೊಳ್ಳುತ್ತವೆ. ಆಮೇಲೆ ನಾಯಿ, ನರಿ ನಡೆದೇ ಬರುತ್ತವೆ. ಮೇ ಕೊನೆಯಲ್ಲಿ ಮೇಲೆ ಕಾಡಿನಲ್ಲಿ ಜೋರು ಮಳೆ ಬಿದ್ದರೆ ಉಲ್ಟಾ, ತಡವಾಗಿ ಇಟ್ಟ ಮೊಟ್ಟೆ ನೀರಿಗೆ ಹೋಗುತ್ತದೆ. ದಿಬ್ಬ ದಿಬ್ಬಕ್ಕೂ ಎತ್ತರ ಬೇರೆ. ಯಾವುದು ಯಾವಾಗ ಏಳುತ್ತದೆ, ಯಾವುದು ಯಾವಾಗ ಕೂಡುತ್ತದೆ ಅಂತ ಹೇಳಬಲ್ಲೆ.

ಶಂಕರಘಟ್ಟದ ಹುಡುಗಿ:

ಅಬ್ಬಾ, ಸೆಮಿನಾರ್ ಹೋಗಿ ಪ್ರಾಜೆಕ್ಟ್ ಆಗುತ್ತಿದೆ. ಹೀಗೆ ಮಾಡಬಹುದಾ ನೋಡಿ. ಯಾವ ದಿಬ್ಬದ ಮೇಲೂ ಇಳಿಯೋದಿಲ್ಲ. ದೋಣಿ ಅಣ್ಣ ಹೇಳುವ ದಿಬ್ಬಗಳಲ್ಲಿ ಕೆಲವನ್ನು ಮಾತ್ರ ಆರಿಸಿಕೊಂಡು, ದೂರದಿಂದ, ಬೆಳಗ್ಗಿನ ತಂಪಿನಲ್ಲಿ, ಮೊಟ್ಟೆ ಮೇಲೆ ಕೂತ ಹಕ್ಕಿಗಳನ್ನು ಮಾತ್ರ ಎಣಿಸೋದು. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆ ಎಣಿಸಿ ಆಮೇಲೆ ಹೋಲಿಸೋದು. ಪಕ್ಕದಲ್ಲಿ ಡ್ಯಾಂ ಮಟ್ಟ. ಮರಿ ದೊಡ್ಡದಾದ ಮೇಲೆ ನೀರಿನ ಅಂಚಿಗೆ ಬಂದು ನಿಲ್ಲುತ್ತವಲ್ಲ, ಆಗ ಮತ್ತೆ ಹೋಗಿ ಮರಿ ಎಣಿಸೋದು. ಕೆಲವು ಟರ್ನ್ ದ್ವೀಪಗಳಲ್ಲಿ ಎಣಿಸಿದ ಗೂಡಿನ ಪಕ್ಕ ಒಣ ಮ್ಯಾಕರೋನಿ ಹಾಕಿ ಗುರುತು ಮಾಡುತ್ತಾರಂತೆ, ಎರಡನೇ ತಂಡ ಬಂದು ಎಷ್ಟು ತಪ್ಪಿಹೋಗಿವೆ ನೋಡುತ್ತದೆ. ಅದು ಇಲ್ಲಿ ಬೇಡ ಅಲ್ವಾ?

ತೀರ್ಥಹಳ್ಳಿ ಮೇಷ್ಟ್ರು:

ಬೇಡವೇ ಬೇಡ. ಅದು ತಂಪು ದೇಶದ ಆಟ, ಹಕ್ಕಿ ಸ್ವಲ್ಪ ಹೊತ್ತು ಎದ್ದಿದ್ದರೆ ಮೊಟ್ಟೆಗೆ ಏನೂ ಆಗೋದಿಲ್ಲ. ಇಲ್ಲಿಯ ಬಿಸಿಲಿಗೆ ನಡೆಯೋದಿಲ್ಲ. ಇಬ್ಬರು ಬೇರೆ ಬೇರೆ ಎಣಿಸೋದು ಒಳ್ಳೆಯದು. ಮೂರು ದಿಬ್ಬ ಸಾಕು. ಹತ್ತು ದಿಬ್ಬ ಒಂದು ವರ್ಷ ಎಣಿಸಿ ಕೈಬಿಡೋದಕ್ಕಿಂತ ಮೂರು ದಿಬ್ಬ ಹತ್ತು ವರ್ಷ ಎಣಿಸಿದರೆ ನಿಮ್ಮ ನಂತರದವರಿಗೆ ಏನಾದರೂ ಸಿಗುತ್ತದೆ. ನೀವು ಪಾಸಾಗಿ ಹೋದ ಮೇಲೆ ಯಾರು ಎಣಿಸುತ್ತಾರೆ ಅಂತ ಈಗಲೇ ಗೈಡ್ ಹತ್ತಿರ ಕೇಳಿ.

ಹದ್ದಿನ ಕಣ್ಣು:

ಡ್ರೋನ್ ಬೇಡ ಅಂದ್ರಿ, ಸರಿ. ನನ್ನ ಹತ್ತಿರ 600 ಎಂಎಂ ಲೆನ್ಸ್ ಇದೆ. ಪ್ರತಿ ಸಲ ಒಂದೇ ಜಾಗದಿಂದ ದಿಬ್ಬದ ಉದ್ದಕ್ಕೂ ಫೋಟೋ ತೆಗೆದು ಜೋಡಿಸಿ ಕೊಡುತ್ತೇನೆ. ಸಾಕ್ಷಿ ಉಳಿಯುತ್ತದೆ. ಫೇಸ್‌ಬುಕ್‌ಗೆ ಹಾಕೋದಿಲ್ಲ, ಆಣೆ.

ಸುಮ್ನೆ ಬಿಡಿ:

ಫೋಟೋ ಹಾಕಿದರೂ ಜಾಗದ ಹೆಸರು ಹಾಕಬೇಡಿ.

ಕೊಪ್ಪದಿಂದ ಕವರತ್ತಿಗೆ:

ಅರಣ್ಯ ಇಲಾಖೆಗೆ ಅರ್ಜಿ ಈಗಲೇ ಕೊಡಿ ತಂಗಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ. ಅನುಮತಿ ಬರುವಷ್ಟರಲ್ಲಿ ಮರಿ ಹಾರಿ ಹೋಗಿರುತ್ತವೆ. ಎಷ್ಟು ದೂರದಲ್ಲಿ ಬೋಟ್ ನಿಲ್ಲಿಸುತ್ತೀರಿ, ಹಕ್ಕಿ ಎದ್ದರೆ ಏನು ಮಾಡುತ್ತೀರಿ ಅನ್ನೋದನ್ನೂ ಅರ್ಜಿಯಲ್ಲೇ ಬರೆಯಿರಿ. ಕೇಳುವ ಮೊದಲೇ ಬರೆದಿದ್ದರೆ ಫೈಲ್ ಮುಂದೆ ಹೋಗುತ್ತದೆ.

ಹಿನ್ನೀರು ದೋಣಿ:

ಹಕ್ಕಿ ಎದ್ದರೆ ತಿರುಗಿಸಿಕೊಂಡು ಬರೋದು, ಇನ್ನೇನು. ಇಂಜಿನ್ ದೂರದಲ್ಲೇ ಆಫ್ ಮಾಡಿ ಹುಟ್ಟು ಹಾಕಬೇಕು. ಇಲಾಖೆ ಬೋಟ್ ಆದರೆ ನನ್ನದೇನೂ ತಕರಾರಿಲ್ಲ, ಜೊತೆಗೆ ಬಂದು ದಿಬ್ಬ ತೋರಿಸುತ್ತೇನೆ. ಬೇರೆ ಬೋಟ್ ಆದರೆ ಪೆಟ್ರೋಲ್ ದುಡ್ಡು ಯಾರು ಕೊಡ್ತಾರೆ ಅನ್ನೋದನ್ನೂ ಆ ಅರ್ಜಿಯಲ್ಲಿ ಬರೆದುಬಿಡಿ ಮೇಡಂ.